ಯಾವ ಊರು, ಯಾವ ಮನೆ

ಸುವಾ
೬ ಮಾರ್ಚ್ ೧೯೯೨

ಪ್ರೀತಿಯ ದೊಡ್ಡಮ್ಮ,

ಹಡಗಿಳಿದ ದಿನವೇ ಬರೆಯಬೇಕಿತ್ತು. ಆದರೆ ಸಮುದ್ರ ನನ್ನ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಿತ್ತುಕೊಂಡಿತ್ತು, ನೀನು ಕಟ್ಟಿಕೊಟ್ಟ ಮರಗೆಣಸಿನ ಕಡುಬನ್ನೂ ಸೇರಿಸಿ. ಈಗ ಚೆನ್ನಾಗಿದ್ದೇನೆ. ನಮ್ಮ ಸಭೆಯ ವಿಧವೆಯೊಬ್ಬರ ಮನೆಯಲ್ಲಿ ಇಳಿದುಕೊಂಡಿದ್ದೇನೆ. ಊಟಕ್ಕೆ ಮೊದಲು ಅವರು ಮಾಡುವ ಪ್ರಾರ್ಥನೆ ಎಷ್ಟು ಉದ್ದವೆಂದರೆ, ಆಮೆನ್ ಅನ್ನುವಷ್ಟರಲ್ಲಿ ಮೀನು ತಣ್ಣಗಾಗಿರುತ್ತದೆ.

ರೇಡಿಯೋ ಕೋಣೆಯಲ್ಲಿ ಕಲಿಯುವ ಹೆಂಗಸರು ಇಬ್ಬರೇ, ನಾನು ಮತ್ತು ಕಮ್ಲಾ. ಕಮ್ಲಾಳ ಮುತ್ತಜ್ಜ ಕಬ್ಬಿನ ಗದ್ದೆಯ ಕೆಲಸಕ್ಕೆಂದು ಹಿಂದೂಸ್ತಾನದಿಂದ ಬಂದವನಂತೆ. ಹಡಗುಗಳನ್ನು ಕರೆಯುವುದು, ಗಾಳಿ ಮಳೆಯ ಸುದ್ದಿ ಓದುವುದು, ಇದೇ ನಮ್ಮ ಪಾಠ. ಕಲಿಸುವ ಅಧಿಕಾರಿ ಹೇಳುತ್ತಾರೆ: “ಕೂಗಬೇಡ ತಾಯಿ. ಅಲೆ ಮೇಲೆ ನಿಲ್ಲೋ ಹಾಗೆ ಮಾತಾಡು.” ಸೆಪ್ಟೆಂಬರಿನಲ್ಲಿ ಪರೀಕ್ಷೆ. ತೇರ್ಗಡೆಯಾದರೆ ನಮ್ಮ ಲಾವು ದ್ವೀಪಗಳ ದೋಣಿಗಳಿಗೆಲ್ಲ ನಾನೇ ಸುದ್ದಿ ಹೇಳುತ್ತೇನೆ.

ಬೆಳಗ್ಗೆ ಮಾರುಕಟ್ಟೆ ಪಕ್ಕದ ಬಸ್ ನಿಲ್ದಾಣ ದಾಟಿ ಹೋಗಬೇಕು. ಅಲ್ಲಿ ಟ್ಯಾಕ್ಸಿಯವರ ಗುಂಪಿನಲ್ಲಿ ಒಬ್ಬನಿದ್ದಾನೆ. ನನ್ನನ್ನು ಕಂಡ ಕೂಡಲೇ, “ಏ ಲಾವು ಹುಡುಗಿ, ಎಷ್ಟು ತೆಂಗಿನಮರ ಹತ್ತಿ ಈ ಕಾಲು ಹಿಂಗಾಯ್ತೇ?” ಎಂದು ಕೂಗುತ್ತಾನೆ. ಮಿಕ್ಕವರು ನಗುತ್ತಾರೆ. ಅವನ ಟೋಪಿಯ ಮೇಲೆ ನಾವುಲಾ ಊರಿನ ರಗ್ಬಿ ತಂಡದ ಹೆಸರು ಹೊಲಿದಿದೆ. ನಗಬೇಕೋ ಬೇಡವೋ ತಿಳಿಯದೆ ಬೇಗ ಬೇಗ ನಡೆದುಬಿಡುತ್ತೇನೆ. ಇಷ್ಟೇ ಸುದ್ದಿ. ರೇಡಿಯೋ ಫೋನಿನಲ್ಲಿ ಹೇಳೋಣವೆಂದರೆ ಏಳೂ ದ್ವೀಪದವರು ಕಿವಿಗೊಟ್ಟು ಕೂತಿರುತ್ತಾರೆ.

ನಿನ್ನ ವಿನಿ


ನಾಲೋಮಾ
೨೮ ಮಾರ್ಚ್

ನನ್ನ ವಿನಿ,

ಕರ್ತನ ರೆಕ್ಕೆಯ ಕೆಳಗೆ ನೀನು ಬೆಚ್ಚಗಿದ್ದೀಯೆಂದು ನಂಬಿ ಬರೆಯುತ್ತಿದ್ದೇನೆ. ನಿನ್ನ ಪತ್ರವನ್ನು ಚಾಪೆ ಹೆಣೆಯುವಲ್ಲಿ ಓದಿ ಹೇಳಿದೆ. ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಹುಚ್ಚು ಹುಡುಗಿ, ನಾವುಲಾದವರು ನಮಗೆ ತೌವು ಅಲ್ಲವೇ? ಅವರ ಮೂಲಪುರುಷನೂ ನಮ್ಮ ಮೂಲಪುರುಷನೂ ಒಂದೇ ದೋಣಿಯಿಂದ ಇಳಿದವರು. ತೌವು ಬೈದರೆ ಮನಸ್ಸಿಗೆ ಹಚ್ಚಿಕೊಳ್ಳಬಾರದು, ಎರಡರಷ್ಟು ಬೈದು ತೀರಿಸಬೇಕು. ನಿನ್ನ ದೊಡ್ಡಪ್ಪ ತೀರಿಕೊಂಡ ದಿನ ನಾವುಲಾದ ಮುದುಕಿಯೊಬ್ಬಳು ಏನು ಮಾಡಿದಳು ಗೊತ್ತೇ? ಅವರ ಅಂಗಿ ತೊಟ್ಟುಕೊಂಡು, ಅವರ ಹಾಗೆಯೇ ಕಾಲೆಳೆದು ನಡೆದು, ಹೆಣದ ಮುಂದೆಯೇ “ಉನಾಇಸೀ, ನನ್ನ ಚಹಾ ಎಲ್ಲೇ?” ಅಂದಳು. ಅಳುತ್ತಿದ್ದವಳು ನಕ್ಕುಬಿಟ್ಟೆ. ಆ ನಗು ಬಂದ ಮೇಲೆಯೇ ನನಗೆ ಉಸಿರು ಬಂದದ್ದು. ತೌವು ಅಂದರೆ ಅಂಥವರು.

ನೀನು ತಲೆ ತಗ್ಗಿಸಿ ಓಡಿಹೋದರೆ ನಾಲೋಮಾದವರಿಗೆ ನಾಲಿಗೆಯೇ ಇಲ್ಲವೆಂದು ಆಡಿಕೊಳ್ಳುತ್ತಾರೆ. ನಾಳೆಯೇ ಅವನ ಟೋಪಿ ಕಿತ್ತುಕೋ. “ಈ ಬುರುಡೆಗೆ ಟೋಪಿ ಯಾಕೋ, ತೆಂಗಿನ ಚಿಪ್ಪು ಸಾಕು” ಅನ್ನು. ತೌವು ಕೇಳಿದ್ದನ್ನು ಇಲ್ಲ ಅನ್ನುವ ಹಾಗಿಲ್ಲ. ಅಷ್ಟು ದೊಡ್ಡ ಪಟ್ಟಣದಲ್ಲಿ ನಿನಗೊಬ್ಬ ನೆಂಟನನ್ನು ಇಟ್ಟಿದ್ದಾನಲ್ಲ ದೇವರು, ಅವನಿಗೆ ಸ್ತೋತ್ರ.

ನಿನ್ನ ದೊಡ್ಡಮ್ಮ
ಉನಾಇಸಿ


ಸುವಾ
೨೪ ಏಪ್ರಿಲ್

ಪ್ರೀತಿಯ ದೊಡ್ಡಮ್ಮ,

ನೀನು ಹೇಳಿದ ಹಾಗೆ ಟೋಪಿ ಕಿತ್ತುಕೊಂಡೆ. ಚಿಪ್ಪಿನ ಮಾತನ್ನೂ ಹೇಳಿದೆ. ಎಲ್ಲರೂ ನಕ್ಕರು, ಸಿಳ್ಳೆಯನ್ನೂ ಹಾಕಿದರು.

ಇಲ್ಲಿ ದಿನಾ ಮಳೆ. ಪುನರುತ್ಥಾನದ ಹಬ್ಬಕ್ಕೆ ಪಕ್ಕದ ಬೀದಿಯ ಹೆಂಗಸರು ಚೆನ್ನಾಗಿ ಹಾಡಿದರು. ನಾನು ಹಾಡಲಿಲ್ಲ, ಸ್ವಲ್ಪ ಗಂಟಲು ಕಟ್ಟಿದೆ. ಈಗ ಮಾರುಕಟ್ಟೆ ಬಿಟ್ಟು ಕಡಲ ಗೋಡೆಯ ಪಕ್ಕದ ದಾರಿಯಲ್ಲಿ ಹೋಗುತ್ತೇನೆ. ದೂರವಾದರೂ ಗಾಳಿ ಚೆನ್ನಾಗಿದೆ.

ಒಂದು ವಿಷಯ ಕೇಳಬೇಕಿತ್ತು. ತೌವು ಆದವರು ಟೋಪಿ ವಾಪಸ್ ಕೊಡು ಅಂತ ಮನೆಯ ಬೇಲಿಯವರೆಗೂ ಹಿಂದೆ ಬರುವುದು ವಾಡಿಕೆಯೇ? ಮೈ ಮುಟ್ಟಬಹುದೇ? ನಮ್ಮಲ್ಲಿ ನೋಡಿದ ನೆನಪಿಲ್ಲ, ಅದಕ್ಕೆ ಕೇಳಿದೆ. ಚಿಂತೆ ಮಾಡಬೇಡ.

ವಿನಿ


ನಾಲೋಮಾ
೯ ಮೇ

ನನ್ನ ವಿನಿ,

ಟೋಪಿ ಸುದ್ದಿ ಊರೆಲ್ಲ ಹಬ್ಬಿತು. ಗ್ರಾಮದ ಮುಖಂಡರೇ ಕೂಗಿ ಕೇಳಿದರು, “ಏನಮ್ಮಾ ಉನಾಇಸಿ, ನಿನ್ನ ಹುಡುಗಿ ನಾವುಲಾದವರ ಬುರುಡೆ ಬೋಳು ಮಾಡಿದ್ಲಂತೆ?” “ಬರೀ ಟೋಪಿ ಅಲ್ಲ, ಮುಂದಿನ ಸಲ ಕೂದಲೂ ತರ್ತಾಳೆ” ಅಂದೆ. ಗಂಟಲಿಗೆ ನಿಂಬೆರಸ ಬಿಸಿ ಮಾಡಿ ಕುಡಿ. ದೀವಿಹಲಸು ಈ ಸಲ ಬೇಗ ಬಂದಿದೆ. ನಿನ್ನ ಪಾಲಿನದನ್ನು

೧೧ ಮೇ

ಹಡಗು ಬರಲಿಲ್ಲ, ಗಾಳಿ ಎದುರಾಗಿದೆಯಂತೆ. ಹಾಗಾಗಿ ನಿನ್ನ ಪತ್ರವನ್ನು ಮತ್ತೆ ತೆಗೆದು ಓದಿದೆ. ಮೊದಲ ಸಲ ಟೋಪಿಯವರೆಗೆ ಓದಿ ನಗುತ್ತಾ ಎದ್ದುಬಿಟ್ಟಿದ್ದೆ ಎಂದು ಕಾಣುತ್ತದೆ. ಕೆಳಗಿನ ಸಾಲುಗಳು ಕಣ್ಣಿಗೆ ಬಿದ್ದಿದ್ದರೂ ತಲೆಗೆ ಹೋಗಿರಲಿಲ್ಲ.

ವಿನಿ, ತೌವು ಬಾಯಲ್ಲಿ ಆಡುತ್ತಾರೆ, ಕೈಯಲ್ಲಿ ಅಲ್ಲ. ನಾಲ್ಕು ಜನರ ಎದುರು ಆಡುತ್ತಾರೆ, ಬೇಲಿಯ ಹತ್ತಿರ ಅಲ್ಲ. ಯಾವ ತೌವೂ ಒಂಟಿ ಹೆಣ್ಣಿನ ಹಿಂದೆ ನಡೆಯುವುದಿಲ್ಲ. ಅವನು ಯಾರು? ಟೋಪಿಯ ಮೇಲೆ ಬರೆದದ್ದು ಬಿಟ್ಟರೆ ಅವನು ನಾವುಲಾದವನೆಂದು ನಿನಗೆ ಯಾರು ಹೇಳಿದರು? ನನಗೆ ಯಾರು ಹೇಳಿದರು?

ಏನು ನಡೆಯುತ್ತಿದೆಯೋ ಇದ್ದದ್ದು ಇದ್ದ ಹಾಗೆ ಬರೆ. ನನ್ನನ್ನು ಕಾಪಾಡಲು ಹೋಗಬೇಡ.

ದೊಡ್ಡಮ್ಮ


ಸುವಾ
೫ ಜೂನ್

ದೊಡ್ಡಮ್ಮ,

ಅವನು ನಾವುಲಾದವನಲ್ಲ. ಆ ಟೋಪಿಯನ್ನು ಪಂದ್ಯದ ಮೇಲೆ ಬಾಜಿ ಕಟ್ಟಿ ಗೆದ್ದುಕೊಂಡದ್ದಂತೆ. ಅವನ ಹೆಸರು ಸೇವನಾಯಾ. ತೌವು ಅಂತ ನಾನು ಅಂದುಕೊಂಡಿದ್ದೆ ಎಂದು ಹೇಳಿದಾಗ ಗುಂಪೆಲ್ಲ ಬಿದ್ದು ಬಿದ್ದು ನಕ್ಕಿತು. ಟೋಪಿ ಕಿತ್ತುಕೊಂಡ ದಿನ ಅವನು ಎಲ್ಲರಿಗೂ ಸಾರಿದ: “ನೋಡಿದ್ರಾ? ಇವಳಿಗೂ ಇಷ್ಟ ಇದೆ ಕಣ್ರೋ.” ಆಮೇಲೆ ಅವನೊಬ್ಬನೇ ಅಲ್ಲ, ಎಲ್ಲರೂ ಶುರು ಮಾಡಿದರು. ಕಾಲು, ಎದೆ, ಮಳೆಯಲ್ಲಿ ಮೈಗಂಟಿದ ಬಟ್ಟೆ, ಒಂದನ್ನೂ ಬಿಡುವುದಿಲ್ಲ. ಕಡಲ ದಾರಿ ಹಿಡಿದರೆ ಅಲ್ಲಿಗೂ ಟ್ಯಾಕ್ಸಿ ನಿಧಾನ ಮಾಡಿಕೊಂಡು ಪಕ್ಕದಲ್ಲೇ ಬರುತ್ತದೆ. ಒಮ್ಮೆ ಕಿಟಕಿಯಿಂದ ಕೈ ಚಾಚಿ ತೋಳು ಹಿಡಿದ. ಟೋಪಿಯನ್ನು ಅವನ ಮುಖಕ್ಕೆ ಎಸೆದು ಓಡಿದೆ.

ನಾನು ಏನು ಕೆಲಸ ಕಲಿಯುತ್ತಿದ್ದೇನೆ ಎಂಬುದೂ ಅವರಿಗೆ ಗೊತ್ತಾಗಿದೆ. ಈಗ ನನ್ನನ್ನು ಕಂಡರೆ ಮೂಗು ಹಿಡಿದುಕೊಂಡು, “ಸುವಾ ಕರೀತಾ ಇದೆ, ಸುವಾ ಕರೀತಾ ಇದೆ, ಚಿನ್ನಾ ಉತ್ತರ ಕೊಡು” ಅನ್ನುತ್ತಾರೆ.

ದೊಡ್ಡಮ್ಮ, ಯಂತ್ರದ ಮುಂದೆ ಕೂತು ಗುಂಡಿ ಒತ್ತಿದರೆ ನನಗೆ ಕೇಳುವುದು ಅದೇ. ಬಾಯಿ ತೆರೆಯುತ್ತೇನೆ, ಏನೂ ಬರುವುದಿಲ್ಲ. ಅಧಿಕಾರಿ ಒಳ್ಳೆಯವರು, ಬೈಯಲಿಲ್ಲ. “ಪರೀಕ್ಷೆ ಹೊತ್ತಿಗೆ ದನಿ ಬರದೇ ಹೋದ್ರೆ ನಿನ್ನನ್ನ ಕೂರಿಸೋಕೆ ಆಗಲ್ಲ ತಾಯಿ. ಬಿರುಗಾಳಿ ದಿನ ನೀನು ಸುಮ್ಮನಾದ್ರೆ ದೋಣಿಯವರ ಗತಿ ಏನು?” ಅಂದರು. ಅವರು ಹೇಳಿದ್ದು ಸರಿ.

ಮುಂದಿನ ಹಡಗಿಗೆ ಮನೆಗೆ ಬರುತ್ತೇನೆ. ಊರಲ್ಲಿ ಕಾಯಿಲೆ ಎಂದು ಹೇಳಿಬಿಡು.

ವಿನಿ


ನಾಲೋಮಾ
೧೨ ಜೂನ್

ವಿನಿ,

ಹಡಗು ತೆಂಗಿನ ಕೊಬ್ಬರಿ ತುಂಬಿಕೊಳ್ಳುತ್ತಿದೆ, ಸಂಜೆಯೊಳಗೆ ಹೊರಡುತ್ತದೆ. ಅಷ್ಟರಲ್ಲಿ ಬರೆಯಬೇಕು.

ತಪ್ಪು ನನ್ನದು. ನಮ್ಮ ಪದ್ಧತಿಯಲ್ಲಿ ತಪ್ಪು ಮಾಡಿದವರು ನೆಲದ ಮೇಲೆ ಕೂತು, ತಲೆ ತಗ್ಗಿಸಿ, ಕ್ಷಮೆ ಬೇಡುತ್ತಾರೆ. ನಾನು ಈಗ ಕುರ್ಚಿಯಿಂದಿಳಿದು ನೆಲದ ಮೇಲೆ ಕೂತೇ ಇದನ್ನು ಬರೆಯುತ್ತಿದ್ದೇನೆ. ಕ್ಷಮಿಸು ಮಗಳೇ.

ಕಾಯಿಲೆ ಎಂದು ನಾನು ಹೇಳುವುದಿಲ್ಲ. ಕಾಯಿಲೆ ನಿನ್ನದಲ್ಲ. ನೀನು ಬಂದರೆ ಬಾಗಿಲು ತೆರೆದಿದೆ, ಒಂದು ಮಾತೂ ಕೇಳುವುದಿಲ್ಲ. ಆದರೆ ಹೊರಡುವ ಮುನ್ನ ಮಾರುಕಟ್ಟೆಯಲ್ಲಿ ಲೋವಾತಾಳನ್ನು ಹುಡುಕು. ನಮ್ಮ ದ್ವೀಪದವಳೇ, ತಿನ್ನುವ ಕಡಲ ಪಾಚಿ ಮಾರುತ್ತಾಳೆ. ಭಾನುವಾರದ ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು. ಬಾಯಿ ಜೋರು, ಹೃದಯ ದೊಡ್ಡದು. ನಿನ್ನ ಮಾತನ್ನು ನಗದೆ ಕೇಳುತ್ತಾಳೆ. ನಾನು ಕೇಳಲಿಲ್ಲವಲ್ಲ, ಅವಳಾದರೂ ಕೇಳಲಿ.

ಇವತ್ತು ಬೆಳಗ್ಗೆ ದೇವರ ಮೇಲೆ ಸಿಟ್ಟಾಗಿ ಪ್ರಾರ್ಥನೆ ಮಾಡಿದೆ. ಹಾಗೆ ಹಿಂದೆಂದೂ ಮಾಡಿರಲಿಲ್ಲ.

ದೊಡ್ಡಮ್ಮ


ಸುವಾ
೧೦ ಜುಲೈ

ಪ್ರೀತಿಯ ದೊಡ್ಡಮ್ಮ,

ಹಡಗು ಹೋಯಿತು, ನಾನು ಹತ್ತಲಿಲ್ಲ. ಯಾಕೆಂದು ಹೇಳುತ್ತೇನೆ, ಕೂತು ಓದು.

ಲೋವಾತಾ ಚಿಕ್ಕಮ್ಮ ಪಾಚಿಯನ್ನು ಎಲೆಯಲ್ಲಿ ಕಟ್ಟುತ್ತಾ ಕಟ್ಟುತ್ತಾ ಎಲ್ಲವನ್ನೂ ಕೇಳಿದಳು. ಕೊನೆಗೆ, “ಅವನ ಊರು ಕೇಳಿದೀಯಾ?” ಅಂದಳು. “ಇಲ್ಲ, ಹೆಸರು ಮಾತ್ರ ಗೊತ್ತು.” “ಊರು ಕೇಳದೇ ಟೋಪಿ ಓದಿದ್ರೇನೇ ತಾಯಿ-ಮಗಳು ಇಬ್ರೂ?” ಅಂದಳು. ಅದು ನಿನಗೂ ಸೇರಿ ದೊಡ್ಡಮ್ಮ, ಹಾಗೇ ಬರೆದಿದ್ದೇನೆ.

ಮಾರನೆಯ ಬೆಳಗ್ಗೆ ನನ್ನ ಜೊತೆ ನಿಲ್ದಾಣಕ್ಕೆ ಬಂದಳು. ನಾಲ್ಕು ಹೆಜ್ಜೆ ಹಿಂದೆ ಇದ್ದಳು, ಕೈಯಲ್ಲಿ ಒದ್ದೆ ಬುಟ್ಟಿ. ಸೇವನಾಯಾ ಎಂದಿನಂತೆ ಶುರು ಮಾಡಿದ. ಅವಳು ಅವನ ಮುಂದೆ ಹೋಗಿ ನಿಂತು ಮೆಲ್ಲಗೆ ಕೇಳಿದಳು.

“ಮಗಾ, ಯಾವ ಊರು ನಿಮ್ದು?”

ಬೈಗುಳವಾಗಿದ್ದರೆ ಅವನು ತಿರುಗಿ ಬೈಯುತ್ತಿದ್ದ. ಹಿರಿಯಳು ಊರು ಕೇಳಿದರೆ ಹೇಳದಿರುವ ಬಾಯಿ ನಮ್ಮಲ್ಲಿ ಎಲ್ಲಿದೆ? “ಸೋಲೋವಿ” ಅಂದ, ನಗುತ್ತಲೇ.

“ತಾಯಿ?”

“ಮಾಕೆರೆತಾ.”

“ಅವಳ ತಾಯಿ ಎಲ್ಲಿಯವಳು?”

ನಗು ಅರ್ಧಕ್ಕೆ ನಿಂತಿತು. “ಅಜ್ಜಿ ಲಾವು ಕಡೆಯವಳು. ನಾಲೋಮಾ.”

“ನಾಲೋಮಾದಲ್ಲಿ ಯಾವ ಮನೆ?”

ಅಷ್ಟರಲ್ಲಿ ಗೆಡ್ಡೆ ಮಾರುವ ಹೆಂಗಸರು, ಹೂ ಮಾರುವವರು ಎದ್ದು ಬಂದಿದ್ದರು. ಯಾರೂ ಗದರಲಿಲ್ಲ. ಆರಾಧನೆಯಲ್ಲಿ ನಿಲ್ಲುತ್ತಾರಲ್ಲ, ಹಾಗೆ ನಿಂತಿದ್ದರು.

“ದೀವಿಹಲಸಿನ ಮನೆ” ಅಂದ.

ಲೋವಾತಾ ಚಿಕ್ಕಮ್ಮ ನನ್ನ ಕಡೆ ಕೈ ತೋರಿಸಿದಳು. “ಇವಳೂ ಅದೇ ಮನೆ ಕೂಸು. ನಿನ್ನ ಅಜ್ಜಿ, ಇವಳ ಅಜ್ಜಿ ಒಡಹುಟ್ಟಿದವರು. ಅಂದ್ಮೇಲೆ ನಿನ್ನ ತಾಯಿ, ಇವಳ ತಾಯಿ ವರಸೆಯಲ್ಲಿ ಅಕ್ಕತಂಗಿ. ಇಷ್ಟು ದಿನ ಈ ಬೀದೀಲಿ ನೀನು ಯಾರ ಕಾಲು ಅಳೀತಾ ಇದ್ದೆ, ಹೇಳು ನೋಡೋಣ.”

ದೊಡ್ಡಮ್ಮ, ಆ ಮುಖ ನಾನು ಸಾಯುವವರೆಗೂ ಮರೆಯುವುದಿಲ್ಲ. ಅಣ್ಣನಾದವನು ತಂಗಿಯ ಹೆಸರು ಹಿಡಿದು ಕರೆಯಲೂ ಹಿಂಜರಿಯುವ ಜನ ನಾವು. ಅವನು ಅಲ್ಲೇ, ಕೊಳೆತ ಸೊಪ್ಪು ಮಳೆನೀರು ತುಂಬಿದ ನೆಲದ ಮೇಲೆ ಕುಸಿದು ಕೂತ. ತಲೆ ತಗ್ಗಿಸಿ ಎರಡೂ ಅಂಗೈ ಬಟ್ಟಲು ಮಾಡಿ ಮೆಲ್ಲಗೆ ತಟ್ಟಿದ, ದೊರೆಗಳ ಮುಂದೆ ತಟ್ಟುವ ಹಾಗೆ. ನಗುತ್ತಿದ್ದವರೆಲ್ಲ ಟೋಪಿ ತೆಗೆದರು. ಒದ್ದೆ ಬುಟ್ಟಿ ಹಿಡಿದ ಹೆಂಗಸಿಗೆ ಇಷ್ಟು ಶಕ್ತಿ ಇದೆಯೇ! ಅಂದಿನಿಂದ ಅವನು ನಾನು ಬರುವ ಹೊತ್ತಿಗೆ ಬೆನ್ನು ತಿರುಗಿಸಿ ನಿಲ್ಲುತ್ತಾನೆ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ನೀನೇ ಹೇಳಿದೆಯಲ್ಲ, ಇದ್ದದ್ದು ಇದ್ದ ಹಾಗೆ ಬರೆ ಎಂದು.

ಇದನ್ನು ಕಮ್ಲಾಗೆ ಕುಣಿಯುತ್ತಾ ಹೇಳಿದೆ. ಅವಳು ನಕ್ಕು, “ನಿನಗೆ ಅಜ್ಜಿ ಮನೆ ಸಿಕ್ಕಿತು. ನನ್ನ ಅಜ್ಜಿ ಮನೆ ಕೇಳಿದ್ರೆ ಇವರಲ್ಲಿ ಯಾರು ಕೂತ್ಕೋತಾರೆ?” ಅಂದಳು. ಅವಳು ಆರು ವರ್ಷದಿಂದ ಅದೇ ದಾರಿಯಲ್ಲಿ ನಡೆಯುತ್ತಿದ್ದಾಳೆ. ಪ್ರತಿದಿನ. ನನಗೆ ಒಂದು ಸಲವೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ನಾನು ಅವನಿಗೆ ತಂಗಿ ಆಗದೇ ಹೋಗಿದ್ದರೆ, ದೊಡ್ಡಮ್ಮ? ಆಗ ಅವನು ಅಂದದ್ದೆಲ್ಲ ಸರಿಯಾಗುತ್ತಿತ್ತೇ? ಇದನ್ನು ಯೋಚಿಸುತ್ತಾ ಯಂತ್ರದ ಮುಂದೆ ಕೂರುತ್ತೇನೆ. ದನಿ ಇನ್ನೂ ಬಂದಿಲ್ಲ.

ವಿನಿ


ನಾಲೋಮಾ
೩೦ ಜುಲೈ

ನನ್ನ ವಿನಿ,

ಸೇವನಾಯಾ ನಿನಗೆ ಅಣ್ಣನಾದರೆ ನನಗೆ ಮಗನಾದ. ಮಾಕೆರೆತಾ ನಮ್ಮ ಮನೆಯಿಂದ ಹೊರಗೆ ಮದುವೆಯಾಗಿ ಹೋದವಳ ಮಗಳು, ವರಸೆಯಲ್ಲಿ ನನ್ನ ತಂಗಿಯೇ. ಒಮ್ಮೆಯಾದರೂ ಹೋಗಿ ನೋಡಿಬರಲಿಲ್ಲ ನಾವು. ಆ ಮಗನನ್ನು ಬೈದಿದ್ದೇನೆ, ಅವನಿಗಾಗಿ ಪ್ರಾರ್ಥಿಸಿಯೂ ಇದ್ದೇನೆ, ಎರಡೂ ಒಂದೇ ಉಸಿರಿನಲ್ಲಿ.

ಲೋವಾತಾಳ ಕಥೆ ಓದಿದಾಗ ಚಾಪೆ ಹೆಣೆಯುವವರೆಲ್ಲ ಕಣ್ಣೊರೆಸಿಕೊಂಡರು. ನಿನ್ನ ಪ್ರಶ್ನೆ ಓದಿದೆ. ಎಲ್ಲರ ಕೈ ನಿಂತಿತು.

ಪಾದ್ರಿಗಳ ಹತ್ತಿರ ಹೋಗಿ ಕೇಳಿದೆ. “ಎಲ್ಲರೂ ದೇವರ ಮಕ್ಕಳೇ ಅಲ್ವೇನಮ್ಮ, ಹಾಗಾದ್ರೆ ಎಲ್ಲರೂ ಅಣ್ಣತಂಗಿಯರೇ” ಅಂದರು. “ಹೌದು ಅಯ್ಯನವರೇ, ಆದ್ರೆ ಆ ಬಸ್ ನಿಲ್ದಾಣದಲ್ಲಿ ಅದು ಯಾರಿಗೂ ನೆನಪಿಲ್ಲವಲ್ಲ” ಅಂದೆ. ಅವರು ನಕ್ಕರು. ನಾನು ನಗಲಿಲ್ಲ. ಆಮೇಲೆ ಅವರೂ ನಿಲ್ಲಿಸಿದರು.

ಉತ್ತರ ಸಿಕ್ಕರೆ ನನಗೆ ಬರೆ. ಈ ಸಲ ಕಲಿಸುವವಳು ನಾನಲ್ಲ.

ದೊಡ್ಡಮ್ಮ


ಸುವಾ
೨ ಅಕ್ಟೋಬರ್

ಪ್ರೀತಿಯ ದೊಡ್ಡಮ್ಮ,

ಉತ್ತರವೋ ಅಲ್ಲವೋ ತಿಳಿಯದು, ನಡೆದದ್ದನ್ನು ಬರೆಯುತ್ತೇನೆ.

ಪರೀಕ್ಷೆಗೆ ಇನ್ನೇನು ಒಂದು ವಾರವಿತ್ತು. ಕಮ್ಲಾ ಮತ್ತು ನಾನು ಮಾರುಕಟ್ಟೆ ದಾರಿಯಲ್ಲೇ ಬರುತ್ತಿದ್ದೆವು. ಬ್ರೆಡ್ಡಿನ ಅಂಗಡಿ ಮುಂದೆ ಯಾರೋ ಒಬ್ಬ, ಅವಳ ಜಡೆ ಎಲ್ಲಿಯವರೆಗೆ ಇಳಿಯುತ್ತದೆ ಎಂದು ಹೇಳಿ ಇನ್ನೂ ಏನೋ ಸೇರಿಸಿದ. ಕಮ್ಲಾ ಎಂದಿನಂತೆ ಕಿವುಡಿಯಾಗಿ ನಡೆದಳು. ನನ್ನ ಕಾಲುಗಳು ನಿಂತವು.

ಬಾಯಿ ತೆರೆದೆ. ದನಿ ಬಂತು ದೊಡ್ಡಮ್ಮ! ಜಗಳದ ದನಿ ಅಲ್ಲ, ಯಂತ್ರದ ಮುಂದೆ ಎಷ್ಟು ಬೇಡಿದರೂ ಬಾರದೇ ಇದ್ದ ದನಿ. ಕೂಗಲಿಲ್ಲ, ಅಧಿಕಾರಿ ಹೇಳಿದ ಹಾಗೆ ದನಿಯನ್ನು ಅಲೆ ಮೇಲೆ ನಿಲ್ಲಿಸಿದೆ. “ಕೆಂಪು ಅಂಗಿಯವರೇ, ನೀವು ಹೇಳಿದ್ದು ಸರಿಯಾಗಿ ಕೇಳಲಿಲ್ಲ. ಎಲ್ಲರಿಗೂ ಕೇಳೋ ಹಾಗೆ ಇನ್ನೊಂದು ಸಲ ಹೇಳಿ.” ನಿಲ್ದಾಣದ ಆ ತುದಿಯವರೂ ತಿರುಗಿದರು. ಮಾರುಕಟ್ಟೆಯ ಹೆಂಗಸರು ಒಬ್ಬೊಬ್ಬರಾಗಿ ಎದ್ದು ನಿಂತರು.

ಅವನು ಗೊಣಗಿದ, “ಅವಳು ನಿನಗೇನಾಗಬೇಕು?”

ತಂಗಿ ಅನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. “ಏನೂ ಆಗಬೇಕಿಲ್ಲ. ಹೇಳಿ, ಕಾಯ್ತಾ ಇದ್ದೀವಿ” ಅಂದೆ.

ಕಮ್ಲಾ ಹಿಂದಿರುಗಿ ಬಂದು ನನ್ನ ಪಕ್ಕ ನಿಂತಳು. “ನನಗೆ ಕೇಳಿಸಿತು. ನಾನೇ ಹೇಳಲಾ?” ಅಂದಳು. ಆ ಮನುಷ್ಯ ಕೈಯಲ್ಲಿದ್ದ ಬ್ರೆಡ್ಡನ್ನೂ ಬಿಟ್ಟು ಗುಂಪಿನಲ್ಲಿ ಮಾಯವಾದ. ಲೋವಾತಾ ಚಿಕ್ಕಮ್ಮ ಅದನ್ನೆತ್ತಿ, “ಯಾರದಮ್ಮ ಇದು, ಊರು ಹೇಳ್ದೆ ಓಡೋಯ್ತು?” ಅಂತ ಕೂಗಿದಳು. ಮಾರುಕಟ್ಟೆಯೇ ನಕ್ಕಿತು. ಕಮ್ಲಾ ಮಾತ್ರ ಅತ್ತಳು.

ನಾಳೆ ಇನ್ನೊಬ್ಬ ಇರುತ್ತಾನೆ, ಗೊತ್ತು. ಆದರೆ ಇಬ್ಬರೂ ತೇರ್ಗಡೆಯಾಗಿದ್ದೇವೆ. ಡಿಸೆಂಬರಿನಿಂದ ನನ್ನ ಪಾಳಿ.

ವಿನಿ


ನಾಲೋಮಾ
೧೯ ಡಿಸೆಂಬರ್

ನನ್ನ ವಿನಿ,

ಬಿರುಗಾಳಿ ನಮ್ಮನ್ನು ಬದಿಗೆ ಬಿಟ್ಟು ಹೋಯಿತು. ಚರ್ಚಿನ ತಗಡು ಹಾರಿದೆ, ಬಾಳೆ ಎಲ್ಲ ಮಲಗಿದೆ, ಜನರೆಲ್ಲ ಇದ್ದಾರೆ. ದೇವರ ಕೃಪೆ. ಅದನ್ನೇ ಹೇಳಲು ಇದನ್ನು ಬರೆಯುತ್ತಿಲ್ಲ.

ಅಂದು ಬೆಳಗ್ಗೆ ಆಕಾಶ ತಿಳಿಯಾಗಿತ್ತು. ದಕ್ಷಿಣದ ದ್ವೀಪದಿಂದ ಕೊಬ್ಬರಿ ತಂದಿದ್ದ ಗಂಡಸರು ಮೂರು ದೋಣಿ ತುಂಬಿಕೊಂಡು ವಾಪಸ್ ಹೊರಟಿದ್ದರು. ನಮ್ಮವರಲ್ಲ, ಮುಖ ಪರಿಚಯವೂ ಇಲ್ಲ. ದಡ್ಡತನಕ್ಕೆ ಎದೆಗಾರಿಕೆ ಎಂದು ಹೆಸರಿಟ್ಟುಕೊಂಡ ಜಾತಿ. ಹಿಂದಿನ ದಿನವೆಲ್ಲ ನೀರು ತರುವ ನಮ್ಮ ಹುಡುಗಿಯರ ಮೇಲೆ ಬಾಯಿ ಹರಿಬಿಡುತ್ತಲೇ ಇದ್ದರು. “ಈ ಆಕಾಶಕ್ಕೆ ಹೆದರೋದಾ ಅಜ್ಜೀ?” ಎಂದು ನನ್ನನ್ನೂ ಗೇಲಿ ಮಾಡಿದರು.

ಆಗ ಮುಖಂಡರ ಮನೆಯ ರೇಡಿಯೋ ಮಾತಾಡಿತು.

ಮೊದಲು ಗರಗರ ಸದ್ದು, ಆಮೇಲೆ ನೀನು. ಗಾಳಿ ಎಲ್ಲಿದೆ, ಎಷ್ಟು ಜೋರಿದೆ, ಯಾವ ಕಡೆ ತಿರುಗುತ್ತಿದೆ, ಯಾವ ದ್ವೀಪದವರು ಎಷ್ಟು ಹೊತ್ತಿನೊಳಗೆ ದೋಣಿ ಮೇಲೆಳೆಯಬೇಕು, ಎಲ್ಲ ಹೇಳಿದೆ. ಮತ್ತೊಮ್ಮೆ ಹೇಳಿದೆ. ಆತುರವಿಲ್ಲ, ನಡುಕವಿಲ್ಲ. ನನ್ನ ತೊಡೆಯ ಮೇಲೆ ತೊದಲುತ್ತಾ ಕೀರ್ತನೆ ಕಲಿತ ಬಾಯಿ ಇದು ಎಂದು ನಂಬಲಾಗಲಿಲ್ಲ. ಸಮುದ್ರದ ಮೇಲೆ ದನಿಯೊಂದು ನಡೆದು ಬಂದ ಹಾಗಿತ್ತು.

ಆ ಗಂಡಸರು ಬಾಗಿಲಲ್ಲಿ ನಿಂತಿದ್ದರು. ಒಬ್ಬ ಮೆಲ್ಲಗೆ ಕೂತ, ಮಿಕ್ಕವರೂ ಕೂತರು, ತಲೆ ತಗ್ಗಿಸಿ, ಕೊನೆಯ ಮಾತಿನವರೆಗೂ. ಆಮೇಲೆ ಎದ್ದು ಹೋಗಿ ಮೂರೂ ದೋಣಿಗಳನ್ನು ತೆಂಗಿನ ಬುಡಕ್ಕೆ ಎಳೆದು ಕಟ್ಟಿದರು. ಮಧ್ಯಾಹ್ನದ ಹೊತ್ತಿಗೆ ಅವರು ಹೋಗಬೇಕಿದ್ದ ಸಮುದ್ರ ಬೆಳ್ಳಗೆ ಎದ್ದು ನಿಂತಿತ್ತು.

ಇವಳು ನಮ್ಮ ಹುಡುಗಿ, ದೀವಿಹಲಸಿನ ಮನೆಯವಳು, ಎಂದು ಹೇಳಲು ನಾನು ಬಾಯಿ ತೆರೆದೆ. ಅವರ ಮುಖ ನೋಡಿದೆ. ಆ ದನಿ ಯಾವ ಊರು, ಯಾರ ಮಗಳು, ಯಾರ ತಂಗಿ ಎಂದು ಅವರಲ್ಲಿ ಒಬ್ಬನೂ ಕೇಳಲಿಲ್ಲ, ವಿನಿ.

ನಾನೂ ಹೇಳಲಿಲ್ಲ.

ದೊಡ್ಡಮ್ಮ